ಟಿಬಿ ಮಾತ್ರೆ ನುಂಗಿ ವಾಸಿಯಾದವರು ಇನ್ನೊಬ್ಬರ ಜೊತೆ ನಿಲ್ಲುವುದು ಹೇಗೆ

ಬೆಳಿಗ್ಗೆ ಆರೂಕಾಲಿಗೆ ಫೋನ್ ಬಂತು. ಆ ಕಡೆ ಪಿಸುದನಿ. "ಅಕ್ಕ, ಉಚ್ಚೆ ಕೆಂಪಗೆ ಹೋಗ್ತಾ ಇದೆ. ಮಾತ್ರೆ ನಿಲ್ಲಿಸ್ಬಿಡ್ಲಾ?"

"ರಕ್ತದ ತರ ಕೆಂಪಾ, ಕಿತ್ತಳೆ ಹಣ್ಣಿನ ತರಾನಾ?"

"ಕಿತ್ತಳೆ ತರ."

"ಕನ್ನಡಿ ನೋಡ್ಕೊ. ಕಣ್ಣು ಬೆಳ್ಳಗಿದೆಯಾ?"

"ಇದೆ."

"ಹಂಗಾದ್ರೆ ಅದು ಮಾತ್ರೆ ಬಣ್ಣ ಕಣವ್ವ. ನಂಗೂ ಆರು ತಿಂಗಳು ಹಂಗೇ ಹೋಗ್ತಿತ್ತು. ನಿಲ್ಲಿಸ್ಬೇಡ."

ಇಷ್ಟೇ ಮಾತು. ಒಂದು ನಿಮಿಷವೂ ಆಗಲಿಲ್ಲ. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಎನ್ನುವ ಔಷಧಿ ಮೂತ್ರಕ್ಕೆ, ಬೆವರಿಗೆ, ಕಣ್ಣೀರಿಗೂ ಆ ಬಣ್ಣ ಕೊಡುತ್ತದೆ. ಇದನ್ನು ಡಾಕ್ಟರು ಆ ಹುಡುಗಿಗೆ ಮೊದಲ ದಿನವೇ ಹೇಳಿದ್ದರು. ನಾನು ಪಕ್ಕದಲ್ಲೇ ಇದ್ದೆ. ಆದರೆ "ನಿಮಗೆ ಟಿಬಿ ಇದೆ" ಎಂದ ಮೇಲೆ ಹೇಳಿದ ಯಾವ ಮಾತೂ ಅವಳ ಕಿವಿಗೆ ಬಿದ್ದಿರಲಿಲ್ಲ. 2019ರಲ್ಲಿ ನನಗೂ ಬಿದ್ದಿರಲಿಲ್ಲ.

ನಾನು ಮದ್ದೂರು ತಾಲ್ಲೂಕಿನವಳು. ಮೊದಲು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಬೆಳಿಗ್ಗೆ ಐದೂವರೆಗೆ ಊರಿನ ಹೆಂಗಸರೆಲ್ಲ ಒಂದೇ ವ್ಯಾನಿನಲ್ಲಿ ಕಿಟಕಿ ಮುಚ್ಚಿಕೊಂಡು ಹೋಗುತ್ತಿದ್ದೆವು. ಕೆಮ್ಮು ಶುರುವಾದಾಗ ಬಟ್ಟೆ ಧೂಳು ಅಂದುಕೊಂಡೆ. ಒಂದು ಕ್ಲಿನಿಕ್ಕಿನಲ್ಲಿ ಎರಡೂವರೆ ತಿಂಗಳು ಸಿರಪ್ ಮೇಲೆ ಸಿರಪ್ ಕೊಟ್ಟರು. ಕಫ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ. 46 ಕೆಜಿ ಇದ್ದವಳು 38ಕ್ಕೆ ಬಂದೆ. ಕೊನೆಗೆ ನಮ್ಮ ಊರಿನ ಆಶಾ ಅಕ್ಕ ಕೈ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ವಿಷಯ ಗೊತ್ತಾದ ಮೇಲೆ ಫ್ಯಾಕ್ಟರಿಯವರು "ವಾಸಿಯಾದ ಮೇಲೆ ನೋಡೋಣ" ಅಂದರು. ಆಮೇಲೆ ಕರೆಯಲೇ ಇಲ್ಲ.

ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅದರ ಜೊತೆಗೆ ಟಿಬಿ ಚಾಂಪಿಯನ್ ಆಗಿ ಓಡಾಡುತ್ತೇನೆ. ಟಿಬಿ ಬಂದು ಪೂರ್ತಿ ವಾಸಿಯಾದವರಿಗೆ ತರಬೇತಿ ಕೊಟ್ಟು, ಹೊಸದಾಗಿ ಚಿಕಿತ್ಸೆ ಶುರು ಮಾಡಿದವರ ಜೊತೆಗೆ ನಿಲ್ಲಿಸುತ್ತಾರೆ. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಅವರನ್ನು ಕರೆಯುವ ಹೆಸರು ಅದು. ನಿಮ್ಮ ಮಾತ್ರೆ ಈಚೆಗೆ ಮುಗಿದಿದ್ದು, ಆಸ್ಪತ್ರೆಯಿಂದ "ನೀವೂ ಬರ್ತೀರಾ?" ಎಂದು ಕೇಳಿದ್ದರೆ ಇದು ನಿಮಗಾಗಿ ಬರೆದದ್ದು.

ಸೇರುವ ಮುಂಚೆ

ಮಾತ್ರೆ ಮುಗಿದ ಮಾರನೇ ದಿನವೇ ಸೇರಬೇಡಿ. ಚಿಕಿತ್ಸೆ ಮುಗಿದ ಮೇಲೆ 6, 12, 18, 24ನೇ ತಿಂಗಳಿಗೆ ಮರುಪರೀಕ್ಷೆ ಇರುತ್ತದೆ. ಮೊದಲನೆಯದಾದರೂ ಮುಗಿಯಲಿ. ಇದು ನಿಯಮ ಅಲ್ಲ, ನನ್ನ ಅಭಿಪ್ರಾಯ. ನಮ್ಮ ಮೈಯೇ ಇನ್ನೂ ಸುಧಾರಿಸಿರುವುದಿಲ್ಲ. ಬೇರೆಯವರ ಕೆಮ್ಮು ಕೇಳಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ಸೇರಬೇಕು ಅನ್ನಿಸಿದಾಗ ತಾಲ್ಲೂಕಿನ ಎಸ್‌ಟಿಎಸ್ ಅವರನ್ನು ಕೇಳಿ. ಅಂದರೆ ಟಿಬಿ ಚಿಕಿತ್ಸೆಯ ಮೇಲ್ವಿಚಾರಕರು. ನಿಮಗೆ ಮಾತ್ರೆ ಕೊಡಿಸುತ್ತಿದ್ದವರು ಅವರೇ, ಮುಖ ಪರಿಚಯ ಇದ್ದೇ ಇರುತ್ತದೆ. ತರಬೇತಿ ಯಾವಾಗ, ಗೌರವಧನ ಇದೆಯಾ, ಬಸ್ ಚಾರ್ಜು ಕೊಡುತ್ತಾರಾ, ಎಷ್ಟು ಊರು ನೋಡಿಕೊಳ್ಳಬೇಕು ಎಂದು ಮೊದಲೇ ಕೇಳಿ. ಸಂಕೋಚ ಬೇಡ. ಹೆಂಗಸರಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ನನ್ನ ಓಡಾಟ ಅದರಿಂದಲೇ ಸಾಧ್ಯವಾಗಿದೆ. ಆದರೆ ಬಸ್ಸು ಹೋಗದ ಊರುಗಳಿಗೆ ಆಟೋ ಬೇಕು, ಅದಕ್ಕೆ ಕೈಯಿಂದ ಹಾಕಿ ಸುಸ್ತಾದವರನ್ನು ನೋಡಿದ್ದೇನೆ.

ಇದಕ್ಕಿಂತ ದೊಡ್ಡ ವಿಷಯ ನಿಮ್ಮ ಮನೆಯದು. ಗಂಡ, ಮಕ್ಕಳು, ಅತ್ತೆ ಮಾವ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿ. ಇಷ್ಟು ದಿನ ನಾಲ್ಕು ಜನಕ್ಕೆ ಗೊತ್ತಿದ್ದದ್ದು ಇನ್ನು ಮೇಲೆ ನಾಲ್ಕು ಊರಿಗೆ ಗೊತ್ತಾಗುತ್ತದೆ. ಮಾರ್ಚ್ 24ರ ವಿಶ್ವ ಕ್ಷಯರೋಗ ದಿನಕ್ಕೆ ಒಂದು ವರ್ಷ ನನ್ನ ಫೋಟೋ ಬ್ಯಾನರ್‌ನಲ್ಲಿ ಹಾಕಿಸಿದ್ದರು. ನಾನು ಸಂತೋಷದಿಂದಲೇ ಒಪ್ಪಿದ್ದೆ. ಒಂದು ಬ್ಯಾನರನ್ನು ನನ್ನ ಮಗಳ ಶಾಲೆಯ ಎದುರು ಕಟ್ಟಿದರು. ಅವಳ ಬೆಂಚಿನಲ್ಲಿದ್ದ ಹುಡುಗಿ ಬೇರೆ ಕಡೆ ಹೋಗಿ ಕೂತಳು. ಮಗಳು ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಟೀಚರ್ ಅನುಮತಿ ತಗೊಂಡು ನಾನೇ ತರಗತಿಗೆ ಹೋಗಿ ಮಕ್ಕಳ ಹತ್ತಿರ ಮಾತಾಡಿದೆ. ಈಗ ಪರವಾಗಿಲ್ಲ. ಆದರೆ ಅವಳನ್ನು ಮೊದಲೇ ಕೇಳಬೇಕಿತ್ತು. ನೀವು ಕೇಳಿ.

ಮೊದಲ ಭೇಟಿ

ಲಿಸ್ಟ್ ಹಿಡಿದುಕೊಂಡು ಯಾರ ಬಾಗಿಲಿಗೂ ಹೋಗಬೇಡಿ. ಆಶಾ ಕಾರ್ಯಕರ್ತೆಯೋ ಎಸ್‌ಟಿಎಸ್‌ ಅವರೋ ಮೊದಲು ರೋಗಿಯನ್ನು ಕೇಳಬೇಕು: "ಇಲ್ಲೊಬ್ಬರಿದ್ದಾರೆ, ಅವರಿಗೂ ಬಂದು ವಾಸಿಯಾಗಿದೆ. ಮಾತಾಡ್ತೀರಾ?" ಹೂಂ ಎಂದರೆ ಮಾತ್ರ ನಿಮ್ಮ ಫೋನು. ಎಲ್ಲಿ ಸಿಗೋಣ ಎನ್ನುವುದನ್ನು ಅವರೇ ಹೇಳಲಿ. ಕೆಲವರು ಆಸ್ಪತ್ರೆ ಎನ್ನುತ್ತಾರೆ. ಕೆಲವರು ಗದ್ದೆ ಬದು, ಕೆಲವರು ಸಂತೆ ದಿನ ಬಸ್ ಸ್ಟ್ಯಾಂಡ್. ನನ್ನದು ಹೊಲಿಗೆ ಕೆಲಸವಾದ್ದರಿಂದ ಎಷ್ಟೋ ಹೆಂಗಸರು "ಬ್ಲೌಸ್ ಅಳತೆಗೆ ಅಂತ ಬನ್ನಿ ಅಕ್ಕ" ಎನ್ನುತ್ತಾರೆ. ಹೋಗಿ ನಿಜವಾಗಿಯೂ ಅಳತೆ ತೆಗೆಯುತ್ತೇನೆ, ಹೊಲಿದೂ ಕೊಡುತ್ತೇನೆ. ಸುಳ್ಳು ಹೇಳಿದ ಹಾಗೆ ಆಗಬಾರದಲ್ವಾ. ಇಲಾಖೆಯ ಹೆಸರಿರುವ ಬ್ಯಾಗು ಮನೆಯಲ್ಲೇ ಇರುತ್ತದೆ.

ಹೋದಾಗ ನಿಮ್ಮ ಕಥೆ ಪೂರ್ತಿ ಹೇಳಬೇಡಿ. ಹೊಸಬರು ಮಾಡುವ ದೊಡ್ಡ ತಪ್ಪು ಇದು. ನಮಗೆ ಹೇಳಿಕೊಳ್ಳಲು ಬೆಟ್ಟದಷ್ಟು ಇರುತ್ತದೆ, ಕೇಳುವವರು ಸಿಕ್ಕಿದರೆ ಹೇಳುತ್ತಲೇ ಹೋಗುತ್ತೇವೆ. ಎದುರಿಗಿರುವವರಿಗೆ ಅದು ಭಾರ. ನಾನು ಮೂರು ಮಾತು ಹೇಳುತ್ತೇನೆ: "ನಂಗೂ ಬಂದಿತ್ತು. ಆರು ತಿಂಗಳು ಮಾತ್ರೆ ತಗೊಂಡೆ. ಈಗ ಇಲ್ಲ." ಆಮೇಲೆ ಸುಮ್ನೆ ಕೂರುತ್ತೇನೆ. ಹೆಚ್ಚಿನವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಕೈ ನೋಡುತ್ತಾರೆ, ಕುತ್ತಿಗೆ ನೋಡುತ್ತಾರೆ. ನೋಡಲಿ. ಬದುಕಿ, ಮೈ ತುಂಬಿಕೊಂಡು, ಕಿವಿಗೆ ಓಲೆ ಹಾಕಿಕೊಂಡು ಬಂದು ಕೂತವರನ್ನು ನೋಡುವುದು ಅವರಿಗೆ ಅವತ್ತು ಬೇಕಾಗಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಮೊದಲ ಪ್ರಶ್ನೆ ಬರುತ್ತದೆ. ಅದು ರೋಗದ ಬಗ್ಗೆ ಇರುವುದೇ ಅಪರೂಪ. "ಮಗೂಗೆ ಹಾಲು ಕೊಡಬಹುದಾ?" "ಮದುವೆ ನಿಂತೋಗುತ್ತಾ?" "ಕೆಲಸದಿಂದ ತೆಗೀತಾರಾ?" ಆ ಪ್ರಶ್ನೆಯಿಂದಲೇ ಶುರು ಮಾಡಿ. ಹಾಲು ಕೊಡಬಹುದು, ಬಾಯಿಗೆ ಬಟ್ಟೆಯೋ ಮಾಸ್ಕೋ ಕಟ್ಟಿಕೊಂಡು. ಮಗುವಿಗೆ ಬೇಕಾದ ಔಷಧಿ ಏನು ಎಂದು ಡಾಕ್ಟರನ್ನು ಕೇಳಲು ಮಾರನೇ ದಿನ ಜೊತೆಯಲ್ಲಿ ಹೋಗುತ್ತೇನೆ.

ಇನ್ನೂ ಪರೀಕ್ಷೆಯೇ ಆಗದವರಾದರೆ ಕಫ ತೆಗೆಯುವುದನ್ನು ಹೇಳಿಕೊಡಬೇಕು. ಡಬ್ಬಿ ಕೊಟ್ಟು "ಕಫ ತನ್ನಿ" ಎಂದರೆ ಮುಕ್ಕಾಲು ಜನ ಎಂಜಲು ತರುತ್ತಾರೆ. ಲ್ಯಾಬಿನಲ್ಲಿ ಏನೂ ಕಾಣುವುದಿಲ್ಲ. ರೋಗ ಇದ್ದರೂ ಇಲ್ಲ ಎಂದು ಬಂದುಬಿಡಬಹುದು. ಎರಡು ಸ್ಯಾಂಪಲ್ ಬೇಕು. ಒಂದು ಆಸ್ಪತ್ರೆಗೆ ಹೋದಾಗ, ಒಂದು ಬೆಳಿಗ್ಗೆ ಎದ್ದ ತಕ್ಷಣ. ಬೆಳಿಗ್ಗೆ ಏನೂ ತಿನ್ನದೆ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಬಯಲಿಗೆ ಹೋಗಿ ನಿಲ್ಲಬೇಕು. ಎರಡು ಮೂರು ಸಲ ಉಸಿರು ಜೋರಾಗಿ ಎಳೆದುಕೊಂಡು ಎದೆಯೊಳಗಿಂದ ಕೆಮ್ಮಬೇಕು. ನಮ್ಮ ಕಡೆ ಸೊಸೆಯಂದಿರು ಮನೆಯಲ್ಲಿ ಹಾಗೆ ಕ್ಯಾಕರಿಸುವ ಹಾಗಿಲ್ಲ, ನಾಚಿಕೆ. ನಾನು ಕೊಟ್ಟಿಗೆ ಹಿಂದೆ ಕರೆದುಕೊಂಡು ಹೋಗಿ, ಮಾಸ್ಕ್ ಹಾಕಿಕೊಂಡು ಗಾಳಿ ಬರುವ ಕಡೆ ದೂರ ನಿಂತು, ಯಾರೂ ಬರದ ಹಾಗೆ ನೋಡಿಕೊಳ್ಳುತ್ತೇನೆ. ಅಂಟಂಟಾಗಿ ದಪ್ಪಗೆ ಬಂದರೆ ಸರಿ. ಬರೀ ನೊರೆ ಬಂದರೆ ಇನ್ನೊಮ್ಮೆ. ಈಗ ಟ್ರೂನಾಟ್ ಮೆಷಿನ್ನಿನಲ್ಲಿ ಅವತ್ತೋ ಮಾರನೇ ದಿನವೋ ಗೊತ್ತಾಗುತ್ತದೆ, ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎನ್ನುವುದೂ ತಿಳಿಯುತ್ತದೆ. ಆದರೆ ಮೆಷಿನ್ ಎಷ್ಟು ಒಳ್ಳೆಯದಾದರೂ ಡಬ್ಬಿಯೊಳಗೆ ಕಫ ಇರಬೇಕಲ್ಲ.

ಲೋಟ

ರೋಗಿಯ ಮನೆಗೆ ಹೋದಾಗ ನಾನು ಕಾಫಿ ಕೇಳಿ ಕುಡಿಯುತ್ತೇನೆ. ಕೊಡದಿದ್ದರೂ ಕೇಳುತ್ತೇನೆ. "ಎಲ್ಲರೂ ಕುಡಿಯೋ ಲೋಟದಲ್ಲೇ ಕೊಡಿ, ಅವಳಿಗೂ ಅದರಲ್ಲೇ ಕೊಡಿ" ಎನ್ನುತ್ತೇನೆ. ನನಗೆ ಟಿಬಿ ಬಂದಾಗ ತಟ್ಟೆ ಲೋಟ ಬೇರೆ ಇಟ್ಟಿದ್ದರು. ತೊಳೆದು ಮೂಲೆಯಲ್ಲಿ ಬೋರಲು ಹಾಕಬೇಕಿತ್ತು. ಆರು ತಿಂಗಳ ಮಾತ್ರೆಗಿಂತ ಆ ಲೋಟ ನನಗೆ ಜಾಸ್ತಿ ನೋವು ಕೊಟ್ಟಿದೆ.

ಅತ್ತೆಯಂದಿರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಮೊಮ್ಮಕ್ಕಳ ಭಯ. ಆ ಭಯ ಸುಳ್ಳಲ್ಲ, ಟಿಬಿ ಅಂಟುವ ಕಾಯಿಲೆಯೇ. ಆದ್ದರಿಂದ ಹೇಗೆ ಅಂಟುತ್ತದೆ ಎಂದು ಬಿಡಿಸಿ ಹೇಳಬೇಕು. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ ಗಾಳಿಯಲ್ಲಿ ಹೋಗುತ್ತದೆ. ತಟ್ಟೆಯಿಂದ, ಬಟ್ಟೆಯಿಂದ, ಮುಟ್ಟುವುದರಿಂದ ಬರುವುದಿಲ್ಲ. ಔಷಧಿ ಮೈಗೆ ಹಿಡಿದು ಸರಿಯಾಗಿ ಮಾತ್ರೆ ತಗೊಂಡರೆ ಎರಡು ವಾರದಲ್ಲಿ ಅಂಟುವ ಶಕ್ತಿ ತುಂಬಾ ಕಡಿಮೆಯಾಗುತ್ತದೆ. "ಲೋಟ ಬೇರೆ ಇಡೋ ಬದಲು ಈ ಕಿಟಕಿ ತೆಗೀರಿ ಅಮ್ಮ" ಎಂದು ನಾನೇ ಎದ್ದು ಕಿಟಕಿ ತೆಗೆಯುತ್ತೇನೆ. ನಮ್ಮ ಹಳ್ಳಿ ಮನೆಗಳಲ್ಲಿ ಕಿಟಕಿ ಮುಂದೆ ಮೂಟೆ ಪೇರಿಸಿರುತ್ತಾರೆ. ಆ ಮೂಟೆ ಸರಿಸುವುದೂ ನಮ್ಮ ಕೆಲಸವೇ.

ಅದೇ ದಿನ ಮನೆಯವರ ಪರೀಕ್ಷೆಯ ಮಾತೂ ಆಗಲಿ. ಜೊತೆಯಲ್ಲಿ ಮಲಗುವವರು, ಉಣ್ಣುವವರು ಎಲ್ಲರನ್ನೂ ನೋಡಬೇಕು. ರೋಗ ಇಲ್ಲದವರಿಗೂ ಮುಂದೆ ಬಾರದ ಹಾಗೆ ತಡೆಯುವ ಮಾತ್ರೆ ಇದೆ. ದಿನಕ್ಕೊಂದು ಸಲದಂತೆ ಆರು ತಿಂಗಳು, ಇಲ್ಲವೇ ವಾರಕ್ಕೊಂದು ಸಲದಂತೆ ಹನ್ನೆರಡು ವಾರ, ಡಾಕ್ಟರು ಕೊಟ್ಟ ಹಾಗೆ. ಗಟ್ಟಿಮುಟ್ಟಾಗಿರುವ ಗಂಡಸಿಗೆ ಮಾತ್ರೆ ನುಂಗಿಸುವುದು ಕಷ್ಟ. "ನಂಗೇನಾಗಿದೆ?" ಎನ್ನುತ್ತಾರೆ. ಮಕ್ಕಳ ಮುಂದೆ ಕೂರಿಸಿ ಹೇಳಿದರೆ ಸ್ವಲ್ಪ ಬಗ್ಗುತ್ತಾರೆ.

ಮೂರನೇ ತಿಂಗಳು

ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದು. 56 ದಿನ, ಆಮೇಲೆ 112 ದಿನ, ಒಟ್ಟು 168. ದಿನಕ್ಕೆ ಎಷ್ಟು ಮಾತ್ರೆ ಎನ್ನುವುದು ತೂಕದ ಮೇಲೆ. 35ರಿಂದ 49 ಕೆಜಿಯವರಿಗೆ ಮೂರು, 50ರಿಂದ 64ರವರಿಗೆ ನಾಲ್ಕು.

ಮೊದಲ ತಿಂಗಳು ಎಲ್ಲರೂ ತಗೊಳ್ಳುತ್ತಾರೆ. ಹೆದರಿಕೆ ಇರುತ್ತದೆ, ಕೆಮ್ಮು ಇರುತ್ತದೆ, ಆಶಾ ಅಕ್ಕ ಬರುತ್ತಿರುತ್ತಾರೆ. ಮೂರನೇ ತಿಂಗಳಿಗೆ ಕೆಮ್ಮು ನಿಂತಿರುತ್ತದೆ. ಜ್ವರ ಇಲ್ಲ. ಹಸಿವು ಬಂದಿದೆ. ಕೂಲಿಗೆ ಹೋಗಬಹುದು. ಆಗಲೇ ಮಾತ್ರೆ ಬಿಡುತ್ತಾರೆ. ನೀವು ಇರುವುದೇ ಈ ತಿಂಗಳಿಗಾಗಿ ಎಂದು ನಾನು ನಂಬಿದ್ದೇನೆ. ಮೊದಲ ತಿಂಗಳು ನೀವು ಎರಡು ಸಲ ಹೋಗದಿದ್ದರೂ ನಡೆಯುತ್ತದೆ. ಮೂರನೇ ತಿಂಗಳು ತಪ್ಪಿಸಬೇಡಿ. ಒಳಗೆ ಕ್ರಿಮಿ ಇನ್ನೂ ಉಳಿದಿರುತ್ತದೆ. ಬಿಟ್ಟು ಬಿಟ್ಟು ತಗೊಂಡರೆ ಇದೇ ಔಷಧಿಗೆ ಬಗ್ಗದ ಟಿಬಿ ಆಗಬಹುದು.

"ಮಾತ್ರೆ ತಗೊಂಡ್ರಾ?" ಎಂದು ಕೇಳಬೇಡಿ. "ಹೂಂ" ಬಿಟ್ಟು ಬೇರೆ ಉತ್ತರ ಸಿಗುವುದಿಲ್ಲ. ನಾನು ಕೇಳುವುದು: "ಈ ವಾರ ಯಾವತ್ತು ಕಷ್ಟ ಆಯ್ತು?" ಆಗ ಬಾಯಿ ಬಿಡುತ್ತಾರೆ. ಮಂಗಳವಾರ ಜಾತ್ರೆಗೆ ಹೋಗಿದ್ದೆ. ಗುರುವಾರ ಬೆಳಿಗ್ಗೆ ನಾಟಿ ಕೆಲಸ, ಮಾತ್ರೆ ತಗೊಂಡ್ರೆ ವಾಂತಿ ಬರುತ್ತೆ ಅಂತ ಬಿಟ್ಟೆ. ಅವರಿಗೆ ನನ್ನ ವಿಷಯವನ್ನೂ ಹೇಳುತ್ತೇನೆ. ತಂಗಿ ಮದುವೆಗೆ ಹೋದಾಗ ನೆಂಟರ ಕಣ್ಣಿಗೆ ಬೀಳಬಾರದು ಎಂದು ನಾನು ನಾಲ್ಕು ದಿನ ಮಾತ್ರೆ ಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ, ಆಶಾ ಅಕ್ಕನಿಗೂ. ಇದನ್ನು ಕೇಳಿದ ಮೇಲೆ ತಾವು ಬಿಟ್ಟ ದಿನಗಳನ್ನು ಅವರು ಲೆಕ್ಕ ಹಾಕಿ ಹೇಳುತ್ತಾರೆ. ಆ ಲೆಕ್ಕ ಡಾಕ್ಟರಿಗೆ ತಲುಪಬೇಕು. "ನಾನು ಹೇಳ್ಲಾ, ನೀವೇ ಹೇಳ್ತೀರಾ?" ಎಂದು ಕೇಳಿ. ಅವರಿಗೆ ಗೊತ್ತಿಲ್ಲದೆ ಹೇಳಬೇಡಿ.

ಉಪಾಯಗಳನ್ನು ಅವರವರ ದಿನಚರಿಗೆ ಹೊಂದಿಸಿ. ಹಾಲಿನ ಡೈರಿಗೆ ಹೋಗುವ ಒಬ್ಬ ಅಣ್ಣ ಹಾಲು ಹಾಕಿ ಬಂದ ತಕ್ಷಣ ನುಂಗುತ್ತಾರೆ. ಒಬ್ಬ ಅಜ್ಜಿ ಎಲೆ ಅಡಿಕೆ ಚೀಲದಲ್ಲಿ ಸ್ಟ್ರಿಪ್ ಇಟ್ಟುಕೊಂಡಿದ್ದರು, ಅದು ಮರೆಯಲು ಸಾಧ್ಯವೇ ಇಲ್ಲದ ಜಾಗ. ಊರಿಗೆ, ಹಬ್ಬಕ್ಕೆ ಹೊರಟರೆ ಎರಡು ದಿನ ಜಾಸ್ತಿ ಮಾತ್ರೆ ಕಟ್ಟಿಕೊಡಿ. ನಿಕ್ಷಯ್ ಐಡಿ ನಂಬರನ್ನು, ಅಂದರೆ ಸರ್ಕಾರದ ಟಿಬಿ ದಾಖಲೆಯಲ್ಲಿ ರೋಗಿಗೆ ಕೊಡುವ ನಂಬರನ್ನು, ಒಂದು ಚೀಟಿಯಲ್ಲಿ ಬರೆದು ಕೊಡಿ. ಆ ನಂಬರಿದ್ದರೆ ಬೇರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಮುಂದುವರಿಸಬಹುದು. ಆಲೆಮನೆ ಕೆಲಸಕ್ಕೆ ಉತ್ತರ ಪ್ರದೇಶದಿಂದ ಬಂದಿದ್ದ ಒಬ್ಬ ಹುಡುಗ ಕಬ್ಬು ಮುಗಿದ ಕೂಡಲೇ ಊರಿಗೆ ಹೊರಟ. ನನಗೆ ಹಿಂದಿ ಬರುವುದಿಲ್ಲ. ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ ಅವನ ಕೈಗೆ ಕೊಟ್ಟೆ. ಅವರು ಅವನ ಭಾಷೆಯಲ್ಲೇ ಎಲ್ಲ ಹೇಳಿದರು. ಎಸ್‌ಟಿಎಸ್‌ ಅವರು ಅವನ ಹೆಸರನ್ನು ಅಲ್ಲಿಗೆ ವರ್ಗ ಮಾಡಿದರು.

ನಮ್ಮ ಕಡೆ ಮಾತ್ರೆ ಬಿಡಿಸುವ ಇನ್ನೊಂದು ಮಾತು "ಉಷ್ಣ". ಉಚ್ಚೆ ಬಣ್ಣ ನೋಡಿ ಉಷ್ಣ ಎನ್ನುತ್ತಾರೆ, ಕಾಲು ಉರಿದರೆ ಉಷ್ಣ ಎನ್ನುತ್ತಾರೆ. ಎರಡು ದಿನ ಮಾತ್ರೆ ಬಿಟ್ಟು ಮಜ್ಜಿಗೆ ಕುಡಿಯುತ್ತಾರೆ. ಮಜ್ಜಿಗೆ ಕುಡಿಯಲಿ, ಬೇಡ ಎನ್ನಬೇಡಿ. ಮಾತ್ರೆ ಮಾತ್ರ ಬಿಡಬಾರದು. ಪಾದ ಜುಮ್ಮೆನ್ನುವುದು, ಉರಿಯುವುದು ಟಿಬಿ ಮಾತ್ರೆಯಲ್ಲಿರುವ ಐಸೋನಿಯಾಜಿಡ್‌ನಿಂದ ಆಗಬಹುದು. ಅದಕ್ಕೆ ವಿಟಮಿನ್ ಬಿ6 ಮಾತ್ರೆ ಇದೆ, ಡಾಕ್ಟರನ್ನು ಕೇಳಿದರೆ ಕೊಡುತ್ತಾರೆ.

ಕುಡಿಯುವವರ ವಿಷಯ ಬೇರೆಯೇ. "ಕುಡಿದ ದಿನ ಮಾತ್ರೆ ತಗೊಂಡ್ರೆ ಸತ್ತೋಗ್ತಾರೆ" ಎಂದು ಯಾರೋ ಹೆದರಿಸಿರುತ್ತಾರೆ. ಅವರು ಬಿಡುವುದು ಮಾತ್ರೆಯನ್ನು, ಕುಡಿತವನ್ನಲ್ಲ. ಕುಡಿತದಿಂದ ಲಿವರಿಗೆ ಅಪಾಯ ಜಾಸ್ತಿ ಎನ್ನುವುದು ನಿಜ. ಅದಕ್ಕೇ ಡಾಕ್ಟರಿಗೆ ಮುಚ್ಚಿಡದೆ ಹೇಳಿಸಬೇಕು. ಬೈದರೆ ನಮ್ಮನ್ನು ಕಂಡರೆ ತಪ್ಪಿಸಿಕೊಳ್ಳುತ್ತಾರೆ. ಗಂಡಸರ ಹತ್ತಿರ ನಾನೊಬ್ಬಳೇ ಹೋಗುವುದಿಲ್ಲ. ವಾಸಿಯಾದ ಒಬ್ಬ ಆಟೋ ಓಡಿಸುವ ಅಣ್ಣನನ್ನು ಕರೆದುಕೊಂಡು ಹೋಗುತ್ತೇನೆ. ಅವರು ಹೇಳುವ ಒಂದು ಮಾತು ನಾನು ಹೇಳುವ ಹತ್ತು ಮಾತಿಗೆ ಸಮ.

ಊಟ, ತೂಕ, ದುಡ್ಡು

ಹಾಸಿಗೆ ಹಿಡಿದವರನ್ನು ಪಥ್ಯಕ್ಕೆ ಹಾಕುವುದು ನಮ್ಮ ಮನೆಗಳ ಅಭ್ಯಾಸ. ಮೊಟ್ಟೆ ಉಷ್ಣ, ಮೊಸರು ಶೀತ, ಕಾಳು ವಾಯು. ಕೊನೆಗೆ ಉಳಿಯುವುದು ಗಂಜಿ. ಟಿಬಿಗೆ ಗಂಜಿ ಸಾಲದು. ಇದು ನನ್ನ ಮಾತಷ್ಟೇ ಅಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಯವರು ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ಕೊಟ್ಟು ಅಧ್ಯಯನ ಮಾಡಿದರು. 2023ರಲ್ಲಿ ಅದು ಪ್ರಕಟವಾಯಿತು. ಮನೆಯವರಿಗೂ ರೇಷನ್ ಕೊಟ್ಟ ಕಡೆ ಅವರಿಗೆ ಟಿಬಿ ಬರುವುದು ಶೇಕಡಾ 39ರಷ್ಟು ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5 ಏರಿದ ರೋಗಿಗಳಲ್ಲಿ ಸಾವು ಬಹಳ ಕಡಿಮೆ ಇತ್ತು. ಇದನ್ನು ತರಬೇತಿಯಲ್ಲಿ ಕೇಳಿದ ದಿನ ನನ್ನ 38 ಕೆಜಿ ನೆನಪಾಯಿತು.

ಅದಕ್ಕೇ ನನ್ನ ಡೈರಿಯಲ್ಲಿ ತೂಕ ಬರೆಯುತ್ತೇನೆ. ಪೂರ್ತಿ ಹೆಸರು ಬರೆಯುವುದಿಲ್ಲ, ನನಗೆ ಮಾತ್ರ ಗೊತ್ತಾಗುವ ಗುರುತು. ತಿಂಗಳಿಗೊಮ್ಮೆ ಉಪಕೇಂದ್ರದ ತಕ್ಕಡಿ ಮೇಲೆ ನಿಲ್ಲಿಸುತ್ತೇನೆ. 40 ಕೆಜಿ ಇದ್ದವರು ಎರಡು ತಿಂಗಳಿಗೆ 42 ಆದರೆ ಅವರ ಜೊತೆ ನಾನೂ ಖುಷಿಪಡುತ್ತೇನೆ. ಹೆಂಗಸರದು ತಕ್ಕಡಿಗಿಂತ ಮುಂಚೆ ಬ್ಲೌಸಿನಲ್ಲೇ ಗೊತ್ತಾಗುತ್ತದೆ. "ಅಕ್ಕ, ಒಂದು ಹೊಲಿಗೆ ಬಿಚ್ಚಿಕೊಡಿ, ಬಿಗಿಯಾಗ್ತಿದೆ" ಎಂದು ಬರುತ್ತಾರೆ. ಆ ಕೆಲಸಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ.

ಬಾದಾಮಿ, ಸೇಬು ಎಂದು ಹೇಳಿ ಯಾರನ್ನೂ ಹೆದರಿಸಬೇಡಿ. ಅವರ ಅಡುಗೆಮನೆಯಲ್ಲಿ ಏನಿದೆ ನೋಡಿ. ಮುದ್ದೆ ಹೇಗೂ ಇರುತ್ತದೆ. ಅದರ ಜೊತೆ ಹುರುಳಿ ಸಾರೋ ಅವರೆಕಾಳೋ ಗಟ್ಟಿಯಾಗಿ ಇರಲಿ, ತಿಳಿ ಬಸಾರು ಸಾಲದು. ದಿನಕ್ಕೊಂದು ಮೊಟ್ಟೆ. ಒಂದು ಹಿಡಿ ಕಡ್ಲೆಬೀಜ, ಬೆಲ್ಲದ ಚೂರಿನ ಜೊತೆ. ಹಿತ್ತಲಿನ ನುಗ್ಗೆ ಸೊಪ್ಪು. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬೇಡ. ಟಿಬಿ ಬಂದ ಎಲ್ಲರಿಗೂ ಶುಗರ್ ಮತ್ತು ಎಚ್‌ಐವಿ ಪರೀಕ್ಷೆ ಮಾಡುತ್ತಾರೆ, ಆ ರಿಪೋರ್ಟ್ ಆಗಿದೆಯಾ ಎಂದು ಕೇಳಿ.

ಈಗ ದುಡ್ಡು. ಟಿಬಿ ರೋಗಿಗಳ ಊಟಕ್ಕೆಂದು ಸರ್ಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ನನಗೆ ತಿಂಗಳಿಗೆ 500 ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಶುರುವಿನಲ್ಲಿ 3,000, 84 ದಿನ ಮಾತ್ರೆ ತಗೊಂಡ ಮೇಲೆ ಮತ್ತೆ 3,000 ಎಂದು ಎರಡು ಕಂತಿನಲ್ಲಿ ಬ್ಯಾಂಕ್ ಖಾತೆಗೆ ಬರುತ್ತದೆ. ತೊಂದರೆ ಖಾತೆಯದೇ. ಆಧಾರ್ ಜೋಡಣೆ ಆಗಿರುವುದಿಲ್ಲ, ಹಳೇ ಖಾತೆ ಬಂದ್ ಆಗಿರುತ್ತದೆ, ಪಾಸ್‌ಬುಕ್ಕಿನಲ್ಲಿ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಮೊದಲ ವಾರದಲ್ಲೇ ಪಾಸ್‌ಬುಕ್ ತೆಗೆಸಿ ನೋಡಿ, ಎರಡನೇ ತಿಂಗಳಿಗೆ ಬಿಡಬೇಡಿ. ಹೆಂಗಸರಿಗೆ ಗೃಹಲಕ್ಷ್ಮಿಯ 2,000 ಕೂಡ ಅದೇ ಖಾತೆಗೆ ಬರುತ್ತದೆ. ಮೆಸೇಜ್ ನೋಡಿ ಯಾವುದು ಯಾವ ದುಡ್ಡು ಎಂದು ತಿಳಿಯುವುದಿಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಿ ತಾರೀಖು ನೋಡುವುದೊಂದೇ ದಾರಿ. ಬಂದ ದುಡ್ಡು ಗಂಡನ ಸಾಲಕ್ಕೆ ಹೋದರೆ ಜಗಳ ಆಡಬೇಡಿ. ಎರಡು ಟ್ರೇ ಮೊಟ್ಟೆಯನ್ನು ಅವತ್ತೇ ತರಿಸಿಬಿಡಿ.

ನಾವು ಮಾಡಬಾರದ್ದು

ಮಾತ್ರೆ ಕಡಿಮೆ ಮಾಡಿ, ಜಾಸ್ತಿ ಮಾಡಿ, ಎರಡು ದಿನ ನಿಲ್ಲಿಸಿ ಎಂದು ಹೇಳುವ ಅಧಿಕಾರ ನಮಗಿಲ್ಲ. ನಮಗೆ ವಾಸಿಯಾದ ಹಾಗೆ ಅವರಿಗೂ ಆಗುತ್ತದೆ ಎಂದು ಆಣೆ ಮಾಡುವ ಹಾಗೂ ಇಲ್ಲ. ಅವರ ಟಿಬಿ ಬೇರೆ ಇರಬಹುದು, ಔಷಧಿಗೆ ಬಗ್ಗದ್ದಿರಬಹುದು, ಅದರ ಚಿಕಿತ್ಸೆಯೇ ಬೇರೆ. ಸಾಲ ಕೊಡಬೇಡಿ.

ಕೆಲವು ಲಕ್ಷಣ ಕಂಡರೆ ಮಾತು ಸಾಕು, ಅವತ್ತೇ ಆಸ್ಪತ್ರೆ. ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ಕಣ್ಣು ಮಂಜಾಗುವುದು ಇಲ್ಲವೇ ಕೆಂಪು ಹಸಿರು ಗೊತ್ತಾಗದಿರುವುದು, ಮೈಯೆಲ್ಲ ಗಂಧೆ, ಕಫದಲ್ಲಿ ರಕ್ತ, ಉಸಿರು ಸಿಗದಿರುವುದು. ಇವನ್ನು ನನ್ನ ಡೈರಿಯ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ. ಇನ್ನೊಂದನ್ನು ಹೆಂಗಸರಿಗೆ ನಾನೇ ಮುಂದಾಗಿ ಹೇಳುತ್ತೇನೆ, ಏಕೆಂದರೆ ಅವರು ಕೇಳುವುದಿಲ್ಲ. ಮಕ್ಕಳಾಗದಿರಲು ನುಂಗುವ ಗುಳಿಗೆ ಈ ಔಷಧಿಯ ಜೊತೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇರೆ ವಿಧಾನ ಯಾವುದು ಎಂದು ಸಿಸ್ಟರನ್ನು ಕೇಳಬೇಕು.

ಮನಸ್ಸು ಕುಸಿದವರೂ ಸಿಗುತ್ತಾರೆ. "ಯಾಕಾದ್ರೂ ಇದೀನೋ" ಎಂದವರ ಮಾತನ್ನು ತಮಾಷೆ ಮಾಡಿ ತೇಲಿಸಬೇಡಿ. "ಸಾಯ್ಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ಮನೆಯ ಒಬ್ಬರನ್ನು ಜೊತೆಗೆ ಕೂರಿಸಿ, ಡಾಕ್ಟರಿಗೆ ತಿಳಿಸಿ. ಮನಸ್ಸಿನ ಆರೋಗ್ಯಕ್ಕಿರುವ ಸರ್ಕಾರಿ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ನಿಮ್ಮ ಮೈ, ನಿಮ್ಮ ಮನಸ್ಸು

ಮಾತ್ರೆ ಶುರುವಾಗದವರನ್ನು, ಎರಡು ವಾರ ತುಂಬದವರನ್ನು ನಾನು ಮನೆಯೊಳಗೆ ಭೇಟಿ ಮಾಡುವುದಿಲ್ಲ. ಹೊಂಗೆ ಮರದ ಕೆಳಗೋ ಜಗಲಿಯ ಮೇಲೋ ಕೂರುತ್ತೇವೆ, ಇಬ್ಬರೂ ಮಾಸ್ಕ್ ಹಾಕಿಕೊಂಡು. ಒಂದು ಸಲ ಬಂದವರಿಗೆ ಮತ್ತೆ ಬರಬಹುದು. ಕೆಮ್ಮು ಎರಡು ವಾರ ದಾಟಿದರೆ ನಾನೂ ಡಬ್ಬಿ ಹಿಡಿದು ಲ್ಯಾಬಿಗೆ ಹೋಗುತ್ತೇನೆ. ರಾತ್ರಿ ಒಂಬತ್ತರ ಮೇಲೆ ಫೋನ್ ತೆಗೆಯುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ತುರ್ತಿದ್ದರೆ 108.

ಒಬ್ಬ ಅಣ್ಣ ತೀರಿಕೊಂಡರು. ಮೂವತ್ತೆರಡು ವರ್ಷ. ಕುಡಿತ ಇತ್ತು, ತಡವಾಗಿ ಬಂದಿದ್ದರು, ಮಧ್ಯೆ ಎರಡು ಸಲ ಮಾತ್ರೆ ಬಿಟ್ಟಿದ್ದರು. ಕೊನೆಯ ಸಲ ಸಿಕ್ಕಾಗ "ಬರ್ತೀನಿ ಅಕ್ಕ, ಸೋಮವಾರ ಖಂಡಿತ" ಅಂದಿದ್ದರು. ಆ ಸೋಮವಾರ ನಾನು ಮಗಳ ಶಾಲೆಗೆ ಹೋಗಿದ್ದೆ, ಅವರ ಮನೆಗೆ ಹೋಗಲಿಲ್ಲ. ಎಷ್ಟೋ ದಿನ ಆ ಸೋಮವಾರ ನನ್ನನ್ನು ಬಿಡಲಿಲ್ಲ. ಎರಡು ತಿಂಗಳು ಕೆಲಸ ನಿಲ್ಲಿಸಿದೆ. ಆಶಾ ಅಕ್ಕ ಬಂದು ಒತ್ತಾಯ ಮಾಡಲಿಲ್ಲ, ಸುಮ್ನೆ ಬ್ಲೌಸ್ ಬಟ್ಟೆ ಕೊಟ್ಟು ಕೂತು ಹೋಗುತ್ತಿದ್ದರು. ನಿಮಗೂ ಹೀಗೆ ಆಗಬಹುದು. ಆಗ ನಿಲ್ಲಿಸಿ. ನಿಮ್ಮ ಹಾಗೆ ಕೆಲಸ ಮಾಡುವ ಇನ್ನಿಬ್ಬರ ನಂಬರ್ ಯಾವಾಗಲೂ ಇರಲಿ. ನಾವು ಮೂವರು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಯ ಮೀಟಿಂಗ್ ಮುಗಿದ ಮೇಲೆ ಹೋಟೆಲಿಗೆ ಹೋಗಿ ಮದ್ದೂರು ವಡೆ ತಿಂದು ಒಂದು ಗಂಟೆ ಮಾತಾಡುತ್ತೇವೆ. ರೋಗಿಗಳ ಹೆಸರು ಅಲ್ಲೂ ಹೇಳುವುದಿಲ್ಲ. ನಮ್ಮ ನಮ್ಮ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುತ್ತೇವೆ.

ಮಾತ್ರೆ ಮುಗಿದ ದಿನ ಕೆಲವರು ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಚೀಲದಲ್ಲಿ ತಂದು ತೋರಿಸುತ್ತಾರೆ. ಕೆಲವರು ಫೋನೂ ಎತ್ತುವುದಿಲ್ಲ, ನಮ್ಮನ್ನು ಕಂಡರೆ ಆ ದಿನಗಳು ನೆನಪಾಗುತ್ತವೆ. ಅವರನ್ನು ಬಿಟ್ಟುಬಿಡಿ, ಬೇಜಾರು ಮಾಡಿಕೊಳ್ಳಬೇಡಿ. ಕೊನೆಯ ಕಫ ಪರೀಕ್ಷೆ ಆಗಿದೆಯಾ ಎನ್ನುವುದನ್ನು ಮಾತ್ರ ಆಶಾ ಅಕ್ಕನ ಮೂಲಕ ಖಚಿತ ಮಾಡಿಕೊಳ್ಳಿ. ಮರುಪರೀಕ್ಷೆಯ ನಾಲ್ಕು ತಾರೀಖನ್ನೂ ಅವತ್ತೇ ಡೈರಿಯಲ್ಲಿ ಬರೆದಿಡಿ, ಆಮೇಲೆ ನೆನಪಿರುವುದಿಲ್ಲ.

ಆಲೆಮನೆಯ ಆ ಹುಡುಗ ಊರಿನಲ್ಲೇ ಮಾತ್ರೆ ಮುಗಿಸಿದ. ಈ ಸಲ ಕಬ್ಬು ಶುರುವಾದಾಗ ಮತ್ತೆ ಇಲ್ಲಿಗೇ ಬಂದಿದ್ದಾನೆ. ಅವನ ಹನ್ನೆರಡನೇ ತಿಂಗಳ ಪರೀಕ್ಷೆ ಬರುವ ಗುರುವಾರ. ಬುಧವಾರ ಸಂಜೆ ಅಲ್ಲಿಗೆ ಹೋಗಿ ಡಬ್ಬಿ ಕೊಟ್ಟು ಬರಬೇಕು.